ಬಿಲ್ಲಿನ ನಡುವಿನ ಕಚ್ಚು

ನಮ್ಮ ಮನೆಯ ಜಗುಲಿಯ ಗೋಡೆಯಲ್ಲಿ ಒಂದು ಬಿಲ್ಲು ಇದೆ. ಇದನ್ನು ಬರೆಯುತ್ತಿರುವ ಹೊತ್ತಿಗೆ ಅದರ ಮೇಲೆ ಎರಡು ಟವೆಲ್ಲು, ನನ್ನದೊಂದು ಬನಿಯನ್ನು ಮತ್ತು ಹೋದ ವಾರ ಬಂದಿದ್ದ ನೆಂಟರು ಮರೆತುಹೋದ ಕೊಡೆ ನೇತಾಡುತ್ತಿವೆ. ಬಿಲ್ಲು ಮಾಡಿದವನು ನಾನು, ಬಟ್ಟೆ ನೇತುಹಾಕಿದವಳು ನನ್ನ ಹೆಂಡತಿ ಸುಮ. ಹೊಸಬರು ಯಾರಾದರೂ ಬಂದು ಇದನ್ನು ಎಲ್ಲಿಂದ ತಂದದ್ದು ಎಂದು ಕೇಳಿದರೆ ಅವಳು, "ಇವ್ರೇ ಮಾಡಿದ್ದು" ಎನ್ನುತ್ತಾಳೆ. ಬೇರೆ ಹೆಂಗಸರು ಗಂಡನಿಗೆ ಶುಗರ್ ಇದೆ ಎಂದು ಯಾವ ದನಿಯಲ್ಲಿ ಹೇಳುತ್ತಾರೋ ಆ ದನಿಯಲ್ಲಿ. ಕೇಳಿದವರೂ ಅದಕ್ಕೆ ತಕ್ಕ ಹಾಗೆ ಪಾಪ ಎನ್ನುವಂತೆ ತಲೆಯಾಡಿಸಿ, ಕಾಫಿ ಕುಡಿದು ಹೋಗುತ್ತಾರೆ.

ಹಾಗಂತ ಅದು ಮಾಮೂಲು ಬಿಲ್ಲಲ್ಲ. ರಿಕರ್ವ್ ಬಿಲ್ಲು ಅಂತ ಅದರ ಜಾತಿ. ಸಾಧಾರಣ ಬಿಲ್ಲು ಒಂದೇ ಕಡೆಗೆ ಬಾಗಿಕೊಂಡು ಹೋಗಿ ಮುಗಿಯುತ್ತದೆ. ಇದು ಹಾಗಲ್ಲ; ತುದಿಗೆ ಬಂದ ಮೇಲೆ ಎರಡೂ ಕಡೆ ಮನಸ್ಸು ಬದಲಾಯಿಸಿ ಆಚೆಗೆ ತಿರುಗಿಕೊಂಡಿರುತ್ತದೆ, ಹುರಿ ಮಾಡಿದ ಮೀಸೆಯ ಹಾಗೆ. ಹಾಗೆ ತಿರುಗಿಸಿದರೆ ಬಾಣಕ್ಕೆ ರಭಸ ಹೆಚ್ಚಂತೆ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಯೂಟ್ಯೂಬಿನಲ್ಲಿ ಬರುವ ಒಬ್ಬ ಗಡ್ಡದ ಸಾಹೇಬ. ಯಾವ ದೇಶದವನೋ ಗೊತ್ತಿಲ್ಲ. ಅವನ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತಿತ್ತು. ಮುಖ್ಯವಾದ ವಿಷಯಗಳೆಲ್ಲ ಇನ್ನರ್ಧದಲ್ಲಿ ಇದ್ದವು ಅಂತ ಆಮೇಲೆ ಗೊತ್ತಾಯಿತು.

ನಾನು ಹವ್ಯಾಸಗಳಿಗೆ ಹೊಸಬನಲ್ಲ. ನಮ್ಮ ಕಡೆ ಎಲ್ಲರಿಗೂ ವೆನಿಲ್ಲಾ ಹುಚ್ಚು ಹಿಡಿದ ಕಾಲದಲ್ಲಿ ನನಗೂ ಹಿಡಿದಿತ್ತು; ಬಳ್ಳಿ ಹಬ್ಬಿ ಹೂ ಬಿಡುವ ಹೊತ್ತಿಗೆ ಉಳಿದವರ ಹುಚ್ಚು ಬಿಟ್ಟಿತ್ತು. ಆಮೇಲೆ ಅಣಬೆ ಬೆಳೆಸಿದೆ. ನಾನು ಬೆಳೆಸಿದ ಅಣಬೆಯನ್ನು ನಾನೊಬ್ಬನೇ ತಿಂದೆ, ಸುಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಜೇನು ಸಾಕಿದೆ. ಹುಳುಗಳು ಒಂದು ದಿನ ಹೇಳದೆ ಕೇಳದೆ ಎದ್ದು ಹೋದವು, ಪೆಟ್ಟಿಗೆಯಲ್ಲಿ ಒಂದು ಮುದ್ದೆ ಮೇಣ ಉಳಿಯಿತು. ಆ ಮೇಣ ಈಗ ಬಿಲ್ಲಿನ ಹೆದೆಗೆ ಉಪಯೋಗಕ್ಕೆ ಬಂತು. ಕಾಫಿ ಚೀಲ ಹೊಲಿಯುವ ದಾರವನ್ನು ಹೊಸೆದು ಮೇಣ ಉಜ್ಜಿದರೆ ಒಳ್ಳೆಯ ಹೆದೆಯಾಗುತ್ತದೆ. ಒಂದು ಹವ್ಯಾಸ ಇನ್ನೊಂದಕ್ಕೆ ನೆರವಾದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಬಿಲ್ಲಿನ ಆಸೆ ಮಾತ್ರ ಚಿಕ್ಕಂದಿನದು. ಆಗ ಮುರಿದ ಕೊಡೆಯೊಂದು ಸಿಕ್ಕಿದರೆ ನಮಗೆ ಅದು ಆಯುಧಾಗಾರ. ದಪ್ಪ ಕಡ್ಡಿ ಬಗ್ಗಿಸಿದರೆ ಬಿಲ್ಲು, ಸಣ್ಣ ಕಡ್ಡಿಗಳೆಲ್ಲ ಬಾಣ. ಒಮ್ಮೆ ಅಂಗಳದಲ್ಲಿ ನಿಂತು ಹಲಸಿನ ಮರಕ್ಕೆ ಗುರಿಯಿಟ್ಟೆ. ಮರ ದೊಡ್ಡದಾಗಿಯೇ ಇತ್ತು. ಬಾಣ ಹೋಗಿ ಬಿದ್ದದ್ದು ಅಮ್ಮ ಚಾಪೆಯ ಮೇಲೆ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆ. ಒಂದು ಬಾಣಕ್ಕೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಗುರಿ ಸರಿ ಮಾಡಿಕೊಳ್ಳುವ ಛಲ ಬಂದು ಇನ್ನೂ ಐದಾರು ಬಿಟ್ಟೆ. ಆ ಮಳೆಗಾಲವಿಡೀ ತೂತಿನ ಹಪ್ಪಳವೆಲ್ಲ ನನ್ನ ಎಲೆಗೇ ಬಿತ್ತು. ಅಪ್ಪಯ್ಯ ಬೈಯಲಿಲ್ಲ. ಚಾಪೆಯಿಂದ ಮರಕ್ಕೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಅಳೆದು ಬಂದು, "ಅಳತೆ ಗೊತ್ತಿಲ್ಲದ ಪ್ರಾಣಿ" ಅಂದರು.

ಅದು ಅಪ್ಪಯ್ಯನ ಖಾಯಂ ಮಾತು. ಅವರ ಅಳತೆ ಅಂದರೆ ಬಾಳೂರಿನಿಂದ ಕಳಸದವರೆಗೆ ಹೆಸರು. ಅವರು ನೆಟ್ಟ ಕಾಫಿಯ ಸಾಲಿನ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತಿತ್ತು. ನೋಡಲಿಕ್ಕೆ ಬೇರೆ ಎಸ್ಟೇಟಿನವರು ಜೀಪು ಮಾಡಿಕೊಂಡು ಬರುತ್ತಿದ್ದರು. ನಾನು ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಸಾಲು ಗೂಟ ಹೊಡೆಸಿದೆ. ಅದು ಎಷ್ಟು ಸೊಟ್ಟ ಇತ್ತೆಂದರೆ ಅಪ್ಪಯ್ಯ ಅದನ್ನು ಕೀಳಿಸದೆ, ಬಂದವರಿಗೆ ತೋರಿಸಲಿಕ್ಕೆಂದೇ ಹಾಗೆಯೇ ಗಿಡ ನೆಡಿಸಿದರು. ಅದು ಈಗಲೂ ಇದೆ, ಒಳ್ಳೆಯ ಫಸಲು ಕೊಡುತ್ತದೆ. ಅವರು ಹೋಗಿ ಹತ್ತು ವರ್ಷದ ಮೇಲಾಯಿತು. ಟೇಪು ಕೈಯಲ್ಲಿ ಹಿಡಿದರೆ ಇವತ್ತಿಗೂ ಬೆನ್ನ ಹಿಂದೆ ಅವರು ಕೆಮ್ಮಿದ ಹಾಗಾಗುತ್ತದೆ. ಹಾಗಾಗಿ ನಾನು ಟೇಪನ್ನು ಆದಷ್ಟು ಹಿಡಿಯುವುದಿಲ್ಲ.

ಬಿಲ್ಲಿಗೆ ಬರೋಣ. ಮೊದಲನೆಯದನ್ನು ಸಿಲ್ವರ್ ಓಕಿನಲ್ಲಿ ಮಾಡಿದೆ, ಅದು ನಮ್ಮಲ್ಲಿ ಬೇಕಾದಷ್ಟಿದೆ ಎಂಬ ಒಂದೇ ಕಾರಣಕ್ಕೆ. ಎಳೆದ ಕೂಡಲೇ ಎರಡು ತುಂಡಾಯಿತು. ಎರಡನೆಯದು ಹಲಸು, ಅದು ಮೂರು ತುಂಡಾಯಿತು. ಬಿದಿರಿನದ್ದು ಮುರಿಯಲಿಲ್ಲ, ಆದರೆ ಒಮ್ಮೆ ಬಾಗಿದ್ದು ಮತ್ತೆ ಏಳಲೂ ಇಲ್ಲ. ಇವೆಲ್ಲ ಈಗ ಸುಮಳ ಕೈತೋಟದಲ್ಲಿ ಹೀರೆಬಳ್ಳಿಗೆ ಆಧಾರವಾಗಿ ನಿಂತಿವೆ. ಬಿಲ್ಲಿಗೆ ಬೇಕಾದದ್ದು ತಡಸಲು ಮರ ಅಂತ ನನಗೆ ಹೊಳೆದದ್ದು ಕೊಡಲಿಯ ಕಾವು ನೋಡಿ. ನಮ್ಮ ಕಡೆ ಕಾವಿಗೆ ತಡಸಲೇ ಆಗಬೇಕು. ಎಷ್ಟು ಪೆಟ್ಟು ಬಿದ್ದರೂ ಬಳುಕುತ್ತದೆ ಹೊರತು ಮುರಿಯುವುದಿಲ್ಲ. ಅಂಥ ಕೋಲುಗಳನ್ನು ಹಿಂದಿನವರು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಹೊಗೆ ಕುಡಿದು ಕುಡಿದು ಮರ ಹದವಾಗುತ್ತಿತ್ತು, ಹುಳ ಮುಟ್ಟುತ್ತಿರಲಿಲ್ಲ.

ಅಟ್ಟ ಹತ್ತಿ ಕೈಯಾಡಿಸಿದೆ. ಹಳೆಯ ಕುಕ್ಕೆಗಳ ಹಿಂದೆ ಒಂದು ಉದ್ದದ ಕೋಲು ಸಿಕ್ಕಿತು. ಮೈತುಂಬ ಬೆರಳು ದಪ್ಪ ಇಲ್ಲಣ, ಹೊಗೆಯ ಮಸಿ. ಕೆಳಗಿಳಿಸಿದಾಗ ಸುಮ, ಅದು ಎಂತದ್ದು ಅಂತ ಯಾರನ್ನಾದರೂ ಕೇಳಿ ಅಂದಳು. ಇಷ್ಟು ವರ್ಷ ಅಟ್ಟದಲ್ಲಿದ್ದ ಕೋಲನ್ನು ಕೇಳುವವರು ಯಾರಿದ್ದಾರೆ ಅಂದೆ. ಗಡ್ಡದ ಸಾಹೇಬನ ಶಿಷ್ಯನಿಗೆ ಮರದ ವಿಷಯದಲ್ಲಿ ಇನ್ನೊಬ್ಬರ ಸಲಹೆ ಬೇಕಾಗಿರಲಿಲ್ಲ.

ಇಲ್ಲಣ ಕೆರೆದು ನೋಡುತ್ತೇನೆ, ಒಳಗೆ ಜೇನಿನ ಬಣ್ಣದ ತಡಸಲು, ನಾರು ಉದ್ದಕ್ಕೂ ನೇರ. ಅದಕ್ಕಿಂತ ಆಶ್ಚರ್ಯವೆಂದರೆ ಸುಮಾರು ನಡುವಿಗೆ ಉಳಿಯಿಂದ ಹೊಡೆದ ಒಂದು ಕಚ್ಚು. ಬಿಲ್ಲಿಗೆ ನಡು ಮುಖ್ಯ. ಹಿಡಿ ಅಲ್ಲಿ ಬರುತ್ತದೆ, ಎರಡು ತೋಳುಗಳು ಅಲ್ಲಿಂದ ಹೊರಡುತ್ತವೆ. ಯಾರೋ ಪುಣ್ಯಾತ್ಮ ನನಗಾಗಿ ನಡುವನ್ನು ಗುರುತು ಮಾಡಿಟ್ಟು ಹೋಗಿದ್ದಾನೆ, ನಮ್ಮ ಮನೆತನದಲ್ಲಿ ಹಿಂದೆ ಯಾರೋ ಬಿಲ್ಲುಗಾರರಿದ್ದಿರಬೇಕು ಅಂತ ತೀರ್ಮಾನಿಸಿ ರೋಮಾಂಚನಗೊಂಡೆ. ಟೇಪು ಹಿಡಿಯುವ ಪ್ರಮೇಯ ತಪ್ಪಿತಲ್ಲ ಎಂಬ ಖುಷಿ ಬೇರೆ. ಕಚ್ಚಿನ ಮೇಲೇ ಹಿಡಿ ಮಾಡಿದೆ. ಕೋಲನ್ನು ಇದ್ದಷ್ಟೇ ಉದ್ದಕ್ಕೆ ಬಿಟ್ಟು, ತೋಳುಗಳನ್ನು ಕತ್ತಿಯಿಂದ ಕೆತ್ತಿ ಗಾಜಿನ ಚೂರಿನಿಂದ ಹೆರೆದೆ.

ತುದಿಗಳನ್ನು ತಿರುಗಿಸಬೇಕಾದರೆ ಹಬೆ ಬೇಕು. ಮನೆಯಲ್ಲಿ ಒಳ್ಳೆಯ ಹಬೆ ಬರುವ ಪಾತ್ರೆ ಕಡುಬಿನದು. ಸುಮ ಪೇಟೆಗೆ ಹೋದ ಒಂದು ಬೆಳಿಗ್ಗೆ ಅದರ ಬಾಯಿಗೆ ಬಿಲ್ಲಿನ ತುದಿ ತೂರಿಸಿ, ಸುತ್ತ ಗೋಣಿತಾಟು ತುರುಕಿ ಕೂತೆ. ಬೆಂದ ತುದಿಯನ್ನು ಬಿಸಿ ಇರುವಾಗಲೇ ಬಗ್ಗಿಸಿ ಕಟ್ಟಿದೆ. ಎರಡೂ ತುದಿ ಸುಂದರವಾಗಿ ತಿರುಗಿದವು. ಮಾರನೆಯ ದಿನದ ಕಡುಬಿಗೆ ಮಾತ್ರ ಬಡಗಿಯ ಕೊಟ್ಟಿಗೆಯ ರುಚಿ ಬಂದಿತ್ತು. ಅವತ್ತಿನಿಂದ ಆ ಪಾತ್ರೆಯನ್ನು ಸುಮ ಬೀರುವಿನೊಳಗೆ ಇಡುತ್ತಾಳೆ, ಬೀಗದ ಕೈ ಎಲ್ಲಿದೆಯೆಂದು ನನಗೆ ಗೊತ್ತಿಲ್ಲ.

ಆದರೆ ಬಿಲ್ಲು ಸಮವಾಗಿ ಬಾಗಲೇ ಇಲ್ಲ. ಹೆದೆ ಎಳೆದರೆ ಮೇಲಿನ ತೋಳು ಸಲೀಸಾಗಿ ಬಾಗುತ್ತದೆ, ಕೆಳಗಿನದು ಸಿಟ್ಟು ಬಂದವರ ಹಾಗೆ ಸೆಟೆದು ನಿಲ್ಲುತ್ತದೆ. ಕೆಳಗಿನದನ್ನು ಹೆರೆದೆ. ಮತ್ತೂ ಹೆರೆದೆ. ಒಂದು ತಿಂಗಳು ಇದೇ ಆಯಿತು. ಮರದಲ್ಲಿ ದೋಷವಿದೆ ಅಂದುಕೊಂಡೆ, ಹಬೆ ಹೆಚ್ಚಾಯಿತು ಅಂದುಕೊಂಡೆ, ಅಮಾವಾಸ್ಯೆಯಂದು ಶುರುಮಾಡಿದ್ದಕ್ಕೆ ಹೀಗಾಯಿತು ಅಂತಲೂ ಅಂದುಕೊಂಡೆ. ಎರಡೂ ತೋಳಿನ ಉದ್ದ ಅಳೆದು ನೋಡುವುದೊಂದು ಬಿಟ್ಟು ಉಳಿದೆಲ್ಲ ಮಾಡಿದೆ. ಕೊನೆಗೆ ಹೇಗೋ ಒಂದು ರಾಜಿಯಾಗಿ, ವಾಟೆ ಬಿದಿರಿನ ಕಡ್ಡಿಯ ಬಾಣವೊಂದನ್ನು ಹೊಟ್ಟಿನ ಚೀಲಕ್ಕೆ ಗುರಿಯಿಟ್ಟು ಬಿಟ್ಟೆ. ಬಾಣ ಚೀಲದ ಮೇಲಿಂದ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಮೇಲಿಂದ ಹಾರಿ ಕಾಡಿನೊಳಗೆ ಹೋಯಿತು. ಅದು ಇವತ್ತಿಗೂ ಸಿಕ್ಕಿಲ್ಲ. ನಾನು ಮಾತ್ರ ಗೆದ್ದವನ ಹಾಗೆ ಬಿಲ್ಲನ್ನು ಜಗುಲಿಗೆ ನೇತುಹಾಕಿದೆ, ಅದೇ ಸಂಜೆ ಸುಮ ಅದರ ಮೇಲೆ ಟವೆಲ್ಲು ಹಾಕಿದಳು.

ಶೇಷಪ್ಪ ಮೇಸ್ತ್ರಿ ಬಂದದ್ದು ಅದಾಗಿ ಹದಿನೈದು ದಿನಕ್ಕೆ, ಕಾಫಿ ಅರಳಿಸುವ ಹೂಮಳೆ ಮುಗಿದು ಹೊಸ ಗಿಡಕ್ಕೆ ಗುಂಡಿ ತೆಗೆಯುವ ಕಾಲಕ್ಕೆ. ಶೇಷಪ್ಪ ಅಪ್ಪಯ್ಯನ ಕಾಲದ ಮೇಸ್ತ್ರಿ. ಎಪ್ಪತ್ತು ದಾಟಿದೆ, ಮಂಡಿ ಹೋಗಿದೆ. ಐವತ್ತಾರು ವರ್ಷದ ನನ್ನನ್ನು ಇಂದಿಗೂ ಸಣ್ಣಯ್ಯ ಎಂದು ಕರೆಯುವವರು ಅವರೊಬ್ಬರೇ. ತೋಟದ ಹೊಳೆಬದಿಯ ಬ್ಲಾಕಿನ ನಡುವೆ ಕಾಂಡ ಕೊರೆಯುವ ಬೋರರ್ ಹುಳ ಬಿದ್ದು ಒಂದಷ್ಟು ಜಾಗದ ಗಿಡ ಪೂರ್ತಿ ಸತ್ತಿತ್ತು. ಅದು ಅವರೂ ಅಪ್ಪಯ್ಯನೂ ಸೇರಿ ನೆಟ್ಟ ಮೊದಲ ಬ್ಲಾಕು. ಅಲ್ಲಿ ಹೊಸ ಗಿಡಕ್ಕೆ ತಾವೇ ಸಾಲು ಅಳೆದು ಲೈನ್ ಹೊಡೆದು ಗೂಟ ಹಾಕಿ, ಆಮೇಲೆ ಆಲ್ದೂರಿನ ಮಗಳ ಮನೆಗೆ ಹೋಗಿ ಇದ್ದುಬಿಡುವುದು ಅಂತ ಮೊದಲೇ ಹೇಳಿದ್ದರು. ಅದು ಅವರ ಕೊನೆಯ ಕೆಲಸ.

ಜಗುಲಿಯಲ್ಲಿ ಕೂತು, ಆರಡಿ ಕೋಲು ಕೊಡಿ ಅಂದರು. ಯಾವ ಕೋಲು ಅಂದೆ; ಆ ಸೊಟ್ಟ ಸಾಲಿನ ಮೇಲೆ ಅಪ್ಪಯ್ಯ ನನ್ನನ್ನು ಅಳತೆಯ ಹತ್ತಿರ ಬಿಟ್ಟೇ ಇರಲಿಲ್ಲ. ನಮ್ಮ ಅಜ್ಜಯ್ಯನ ಕಾಲದ ಲೈನ್ ಕೋಲಂತೆ. ಹಗ್ಗವಾದರೆ ಒದ್ದೆಯಾದಾಗ ಒಂದು ಉದ್ದ, ಒಣಗಿದಾಗ ಒಂದು ಉದ್ದ, ಅದಕ್ಕೇ ಅಪ್ಪಯ್ಯ ಯಾವತ್ತೂ ಆ ಕೋಲಿನಲ್ಲೇ ಗೂಟದಿಂದ ಗೂಟಕ್ಕೆ ಅಳೆಸುತ್ತಿದ್ದದ್ದು. ತಾವೇ ಅಟ್ಟದಲ್ಲಿ ಹುಷಾರಾಗಿ ಇಟ್ಟದ್ದು ಅಂತೆಲ್ಲ ವಿವರಿಸಿದರು. ಆಮೇಲೆ ಹೇಳಿದರು: "ತಡಸಲಿಂದು. ಅರ್ಧಕ್ಕೆ ಒಂದು ಕಚ್ಚು ಉಂಟು."

ನನ್ನ ತಲೆಯ ಹಿಂದೆಯೇ ಬಿಲ್ಲು ನೇತಾಡುತ್ತಿತ್ತು. ಶೇಷಪ್ಪ ನನ್ನ ಮುಖ ನೋಡಿ ಮಾತಾಡುತ್ತಿದ್ದರು, ಅಂದರೆ ಅದನ್ನೂ ನೋಡುತ್ತಿದ್ದರು. ಅವರಿಗೆ ಗುರುತು ಹತ್ತಲಿಲ್ಲ. ಅದು ನುಣುಪಾಗಿ, ಮೇಣ ತಿಂದು ಹೊಳೆಯುತ್ತ, ಮೀಸೆ ತಿರುವಿಕೊಂಡು ಟವೆಲ್ಲು ಹೊದ್ದಿತ್ತು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹುಡುಕಿಸುತ್ತೇನೆ ಅಂದೆ. ಸಿಗದಿದ್ದರೆ ಟೇಪು ಹಿಡಿದು ಹೊಸದೇ ಒಂದು ಆರಡಿ ಕೋಲು ಮಾಡೋಣ, ಅದಕ್ಕೇನಂತೆ ಅಂತ ಉದಾರವಾಗಿ ಸೇರಿಸಿದೆ. ಶೇಷಪ್ಪ ಗಡಿಬಿಡಿಯಿಂದ, ಬೇಡ ಬೇಡ, ಆ ಕೋಲೇ ಆಗಬೇಕು ಅಂದರು. ಮುದುಕರಿಗೆ ಹಳೆಯ ವಸ್ತುವಿನ ಮೇಲೆ ಮೋಹ ಅಂದುಕೊಂಡೆ.

ಮಾರನೆಯ ದಿನ ಅವರು ತಾವೇ ಹುಡುಕುತ್ತೇನೆಂದು ಬಂದರು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆ ಮಂಡಿ ಇಟ್ಟುಕೊಂಡು ಅವರು ಏಣಿ ಹತ್ತುವುದನ್ನು ನಾನು ನೋಡುತ್ತ ನಿಂತೆ, ಏಣಿಯನ್ನೂ ಹಿಡಿದುಕೊಂಡೆ. ಬಹಳ ಹೊತ್ತು ಮೇಲೆ ಕುಕ್ಕೆಗಳನ್ನು ಸರಿಸುವ ಸದ್ದು ಕೇಳುತ್ತಿತ್ತು. ಇಳಿದು ಬಂದಾಗ ಮುಖ, ಕೈ, ಬಿಳಿ ಕೂದಲು ಎಲ್ಲ ಇಲ್ಲಣ. ಸುಮ ಬಿಲ್ಲಿನ ಮೇಲಿದ್ದ ಟವೆಲ್ಲು ತೆಗೆದು ಅವರಿಗೆ ಮುಖ ಒರೆಸಿಕೊಳ್ಳಲು ಕೊಟ್ಟಳು, ಕೊಟ್ಟು ನನ್ನನ್ನು ನೋಡಿದಳು. ಶೇಷಪ್ಪ ಮುಖ ಒರೆಸುತ್ತ ಮೆಟ್ಟಿಲ ಮೇಲೆ ಕೂತರು.

"ನನ್ನ ಕೈಯಾರೆ ಇಟ್ಟದ್ದು ಸಣ್ಣಯ್ಯ. ಎಲ್ಲಿ ಅಂತ ನೆನಪೇ ಆಗೋದಿಲ್ಲ. ನನಗೆ ಮರೆವು ಹಿಡೀತು ಕಾಣ್ತದೆ" ಅಂದರು. ಟವೆಲ್ಲು ಮಡಚಿ ಪಕ್ಕಕ್ಕಿಟ್ಟು, "ಲೈನ್ ಹೊಡಿಯೋಕೆ ಬೇರೆ ಯಾರನ್ನಾದ್ರೂ ಕರೀರಿ. ಇಂಥ ತಲೆ ಇಟ್ಕೊಂಡು ನಾನು ಮಾಡಬಾರ್ದು" ಅಂದರು.

ಅವರ ತಂದೆಗೆ ಕೊನೆಗಾಲದಲ್ಲಿ ಮರೆವು ಬಂದು ಮಕ್ಕಳ ಗುರುತೇ ಇಲ್ಲದೆ ಹೋಗಿತ್ತು. ಅದು ತಮಗೂ ಬಂತೆಂದು ಅವರು ಹೆದರಿದ್ದರು. ನಾನು ಆಗಲೂ ಬಾಯಿ ಬಿಡಲಿಲ್ಲ. ಅವರು ಕುಂಟುತ್ತ ಹೋದ ಮೇಲೆ ಸುಮ, "ಒಂದು ಕಡ್ಡಿ ತುಂಡಿಗೆ ಅವ್ರ ತಲೆ ಕೆಟ್ಟಿದೆ ಅಂತ ಮಾಡಿದ್ರಲ್ಲ" ಅಂದಳು. ಅವತ್ತು ಊಟ ಸೇರಲಿಲ್ಲ. ಹುಳಿಗೆ ಉಪ್ಪು ಹಾಕಿರಲಿಲ್ಲ ಎಂಬುದೂ ಒಂದು ಕಾರಣ. ಅದು ಮರೆವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಬಿಲ್ಲಿನ ಹೆದೆ ಬಿಚ್ಚಿ, ಗೋಣಿಯಲ್ಲಿ ಸುತ್ತಿ ಹೊಳೆಬದಿಯ ಬ್ಲಾಕಿಗೆ ಹೊತ್ತುಕೊಂಡು ಹೋದೆ. ಶೇಷಪ್ಪ ಸತ್ತ ಗಿಡದ ಬೊಡ್ಡೆಯೊಂದರ ಮೇಲೆ ಒಬ್ಬರೇ ಕೂತಿದ್ದರು. ನಾನು ಗೋಣಿ ಬಿಚ್ಚಿ ಅವರ ಮಡಿಲಿಗೆ ಬಿಲ್ಲು ಹಾಕಿದೆ. ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಮಾತೆಲ್ಲ ಮರೆತು, "ಇದೇ ಮೇಸ್ತ್ರಿ ಆ ಕೋಲು. ತೆಗೆದವನು ನಾನು. ನಿನ್ನೆಯೂ ಗೊತ್ತಿತ್ತು" ಅಂದೆ.

ಅವರು ಬಿಲ್ಲಿನ ಮೇಲೆ ಕೈಯಾಡಿಸಿದರು. ಹಿಡಿಯ ಹತ್ತಿರ ಬಂದು ಬೆರಳು ನಿಂತಿತು. ಅಲಂಕಾರಕ್ಕೆ ಇರಲಿ ಅಂತ ಕಚ್ಚನ್ನು ನಾನು ಹಾಗೆಯೇ ಬಿಟ್ಟಿದ್ದೆ. ಅದರೊಳಗೆ ಉಗುರಿಟ್ಟು ನೋಡಿ ದೊಡ್ಡದಾಗಿ ಉಸಿರುಬಿಟ್ಟರು.

"ಹಾಗಾದ್ರೆ ನನ್ನ ತಲೆ ಸರಿ ಉಂಟು" ಅಂದರು.

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಕೋಲು ಹಾಳಾಯಿತಲ್ಲ, ಈಗ ಎಂತ ಮಾಡುವುದು ಅಂತ ತೊದಲಿದೆ. ಅವರಿಗೆ ಆಗಲೇ ಗೆಲುವು ಬಂದಿತ್ತು. "ಬಗ್ಗಿಸಿದ್ರೆ ಉದ್ದ ಎಲ್ಲಿಗೆ ಹೋಗ್ತದೆ ಮಾರಾಯ್ರೆ" ಅನ್ನುತ್ತ ಬೇಲಿ ಕಂಬದಲ್ಲಿ ಸುತ್ತಿದ್ದ ಬೈಂಡಿಂಗ್ ವಯರು ಬಿಚ್ಚಿದರು. ಅದನ್ನು ಬಿಲ್ಲಿನ ಬೆನ್ನಿಗೆ, ಬಾಗಿದಲ್ಲಿ ಬಾಗಿಸಿ, ತಿರುಗಿದಲ್ಲಿ ತಿರುಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತಿ ಹಿಡಿದು ಕತ್ತಿಯಲ್ಲಿ ಕತ್ತರಿಸಿದರು. ಆಮೇಲೆ ವಯರನ್ನು ನೇರ ಮಾಡಿ ನೆಲದ ಮೇಲೆ ಇಟ್ಟು, ಅಳೆದು ನೋಡಿ ಅಂದರು.

ಹೊಸ ಕೋಲು ಮಾಡಿಕೊಡಬೇಕಾದೀತೆಂದು ಜೇಬಿಗೆ ಹಾಕಿಕೊಂಡು ಬಂದಿದ್ದ ಟೇಪು ತೆಗೆದೆ. ಆರಡಿಗೆ ನಾಲ್ಕು ಬೆರಳು ಕಡಿಮೆ ಇತ್ತು.

ತುದಿ ಕತ್ತರಿಸಿಲ್ಲ ಮೇಸ್ತ್ರಿ, ದೇವರಾಣೆಗೂ ಒಂದು ನೂಲೂ ತೆಗೆದಿಲ್ಲ ಅಂತ ಬಡಬಡಿಸಿದೆ. ಶೇಷಪ್ಪ ಕಚ್ಚಿನಿಂದ ಒಂದು ತುದಿಯವರೆಗೆ ವಯರು ಹಿಡಿದು ಅಳೆಸಿದರು, ಸರಿಯಾಗಿ ಮೂರಡಿ. ಇನ್ನೊಂದು ಕಡೆ ಹಿಡಿದರು. ನಾಲ್ಕು ಬೆರಳು ಗಿಡ್ಡ. ಒಂದು ತಿಂಗಳು ನಾನು ಹೆರೆದೂ ಹೆರೆದೂ ಬಾಗದೆ ಇದ್ದದ್ದು ಆ ಕಡೆಯ ತೋಳೇ.

"ಕತ್ತರಿಸಿದ್ದು ನೀವಲ್ಲ. ನಿಮ್ಮ ಅಪ್ಪಯ್ಯ" ಅಂದರು.

ನಾನು ತೊಟ್ಟಿಲಲ್ಲಿದ್ದ ಕಾಲದ ಸಂಗತಿ ಅದು. ಅಪ್ಪಯ್ಯ ಮೊದಲ ಸಲ ಲೈನ್ ಹೊಡೆಯಲು ಅಜ್ಜಯ್ಯನಿಂದ ಕೋಲು ಇಸಿದುಕೊಂಡು ಈ ಬ್ಲಾಕಿಗೆ ಬಂದಿದ್ದರಂತೆ. ಹೇಗೆ ಅಳೆಯಬೇಕೆಂದು ಶೇಷಪ್ಪನಿಗೆ ತೋರಿಸುವ ಭರದಲ್ಲಿ ಕೋಲನ್ನು ಜೋರಾಗಿ ಬಂಡೆಗೆ ಕುಟ್ಟಿದರು, ತುದಿ ಸೀಳಿತು. ಅಜ್ಜಯ್ಯನ ಸಿಟ್ಟು ಊರಿಗೆಲ್ಲ ಗೊತ್ತು. ಅಪ್ಪಯ್ಯ ಆಚೆ ಈಚೆ ನೋಡಿ, ಸೀಳಿದ್ದಷ್ಟನ್ನು ಕತ್ತಿಯಲ್ಲಿ ಕಡಿದು ಹೊಳೆಗೆ ಎಸೆದರು, ಯಾರಿಗೂ ಹೇಳಬೇಡ ಅಂತ ಶೇಷಪ್ಪನಿಂದ ಆಣೆ ಹಾಕಿಸಿಕೊಂಡರು. ಮೊದಲ ಬ್ಲಾಕು ಅದೇ ಅಳತೆಯಲ್ಲಿ ಬಂತು. ಮುಂದಿನದು ಅದಕ್ಕೆ ಹೊಂದಬೇಕಲ್ಲ, ಅದೂ ಹಾಗೇ ಬಂತು. ಕೊನೆಗೆ ಇಡೀ ತೋಟವೇ ನಾಲ್ಕು ಬೆರಳು ಕಡಿಮೆಯ ಆರಡಿಯಲ್ಲಿ ಬೆಳೆದು ನಿಂತಿತು. ಶೇಷಪ್ಪ ಆಣೆ ಮೀರಲಿಲ್ಲ, ಅಪ್ಪಯ್ಯ ಹೋದ ಮೇಲೂ ಮೀರಿರಲಿಲ್ಲ; ನಾನು ನನ್ನದನ್ನು ಒಪ್ಪಿಕೊಂಡ ಮೇಲೆ ಅವತ್ತು ಮೀರಿದರು. ಟೇಪು ಹಿಡಿದು ಹೊಸ ಕೋಲು ಮಾಡೋಣ ಅಂದಾಗ ಗಾಬರಿಯಾದದ್ದು ಅದಕ್ಕೇ. ನಿಜವಾದ ಆರಡಿಯಲ್ಲಿ ನಡುವೆ ಗಿಡ ನೆಟ್ಟರೆ ಹತ್ತು ಗಿಡ ಹೋಗುವಷ್ಟರಲ್ಲಿ ಸಾಲು ಒಂದೂವರೆ ಮೊಳ ಆಚೆ ಸರಿಯುತ್ತದೆ, ಮೇಲಿನ ಹಳೆಯ ಸಾಲಿಗೂ ಕೆಳಗಿನದಕ್ಕೂ ಕೂಡುವುದೇ ಇಲ್ಲ.

ನನಗೆ ಮೊದಲು ನಗು ಬಂತು. ನಕ್ಕು ನಕ್ಕು ಸಾಕಾದ ಮೇಲೆ ಕಣ್ಣಲ್ಲಿ ನೀರು ಬಂತು, ಅದು ನಗುವಿನದ್ದೊಂದೇ ಅಲ್ಲ. ಬಂಡೆಯ ಪಕ್ಕ ಕತ್ತಿ ಹಿಡಿದು ಆಚೆ ಈಚೆ ನೋಡುತ್ತಿದ್ದ ಆ ಹೆದರಿದ ಮನುಷ್ಯ ನನಗೆ ಗೊತ್ತೇ ಇರಲಿಲ್ಲ. ನೋಡಲು ಥೇಟ್ ನನ್ನ ಹಾಗೇ ಇದ್ದಿರಬೇಕು. ಅವರು ಬದುಕಿದ್ದಾಗ ಇದೊಂದು ತಿಳಿದಿದ್ದರೆ ಒಟ್ಟಿಗೆ ಕೂತು ಒಂದು ಲೋಟ ಕಾಫಿಯನ್ನಾದರೂ ನೆಮ್ಮದಿಯಾಗಿ ಕುಡಿಯಬಹುದಿತ್ತು ಅನ್ನಿಸಿತು.

ಶೇಷಪ್ಪ ಬೇಲಿಯ ಹತ್ತಿರವೇ ಒಂದು ತಡಸಲಿನ ಗೆಲ್ಲು ನೋಡಿ ನನ್ನಿಂದ ಕಡಿಸಿದರು. ಹೊಸ ಕೋಲನ್ನು ನೀವೇ ಮಾಡಿ ಅಂತ ನನ್ನ ಕೈಗೇ ಕೊಟ್ಟರು, ಅಷ್ಟು ಶಿಕ್ಷೆ ಸಾಕೆಂದು ಕಾಣುತ್ತದೆ. ಮರ ಬಗ್ಗಿಸುವುದನ್ನು ಕಷ್ಟಪಟ್ಟು ಕಲಿತವನಿಗೆ ನೆಟ್ಟಗೆ ಮಾಡುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ಮಧ್ಯಾಹ್ನದವರೆಗೆ ಕೆತ್ತಿದೆ, ಒಂದು ಕಣ್ಣು ಮುಚ್ಚಿ ನೋಡಿದೆ, ಮತ್ತೆ ಕೆತ್ತಿದೆ. ವಯರನ್ನು ಪಕ್ಕದಲ್ಲಿಟ್ಟು ಮೂರು ಸಲ ಅಳೆದು ತುದಿ ಕತ್ತರಿಸಿದೆ. ಬೆನ್ನ ಹಿಂದೆ ಯಾರೂ ಕೆಮ್ಮಲಿಲ್ಲ.

ಶೇಷಪ್ಪ ಆ ಕೋಲಿನಲ್ಲಿ ಮೇಲಿನ ಹಳೆಯ ಗಿಡದಿಂದ ಶುರುಮಾಡಿ, ಗುಂಡಿ ತೆಗೆಯಲು ಬಂದ ಆಳುಗಳಿಂದ ಒಂದೊಂದೇ ಗೂಟ ಹೊಡೆಸುತ್ತ ಇಳಿದರು. ಮಂಡಿ ನೋವಿಗೆ ನಡುನಡುವೆ ನಿಂತರೂ ಕೋಲನ್ನು ಬೇರೆಯವರ ಕೈಗೆ ಕೊಡಲಿಲ್ಲ. ಕೊನೆಯ ಗೂಟ ಬಿದ್ದ ಮೇಲೆ ಇನ್ನೊಂದು ಸಲ ಕೋಲು ಇಟ್ಟರು. ಅದರ ತುದಿ ಕೆಳಗಿನ ಸಾಲಿನ ಹಳೆಯ ಗಿಡದ ಬುಡಕ್ಕೆ ಹೋಗಿ ತಾಗಿತು.

"ಅಳತೆ ಸರಿ ಉಂಟು ಸಣ್ಣಯ್ಯ" ಅಂದರು.

ನನ್ನ ಅಳತೆ ಸರಿ ಇದೆ ಅಂತ ಯಾರಾದರೂ ಹೇಳಿದ್ದು ಐವತ್ತಾರು ವರ್ಷದಲ್ಲಿ ಅದೇ ಮೊದಲು. ನಾನು ಆರಡಿಗೆ ನಾಲ್ಕು ಬೆರಳು ಕಡಿಮೆಯ ಕೋಲನ್ನು ಹೆಗಲ ಮೇಲಿಟ್ಟುಕೊಂಡು, ಬಿಲ್ಲನ್ನು ಶೇಷಪ್ಪನಿಗೆ ಊರಿಕೊಳ್ಳಲು ಕೊಟ್ಟು, ಅವರ ಜೊತೆ ನಿಧಾನವಾಗಿ ಮನೆ ಕಡೆ ಹತ್ತಿದೆ.